ಬೇಸ್ ಗಿಟಾರ್ ಟಿಪ್ಪಣಿ: ಎಡಗೈ ಬಿಟ್ಟು ನೋಡಿ

ಹೊಸದಾಗಿ ಬೇಸ್ ಕೊಳ್ಳಲು ಹೋದವರು ಮೊದಲು ಕೇಳುವುದು ತೂಕ ಎಷ್ಟು ಅಂತ. ನಾನೂ ಅದನ್ನೇ ಕೇಳಿ, ಇದ್ದದ್ದರಲ್ಲಿ ಹಗುರವಾದದ್ದನ್ನು ಮನೆಗೆ ತಂದೆ. ತಿಂಗಳು ತುಂಬುವಷ್ಟರಲ್ಲಿ ಎಡ ಮಣಿಕಟ್ಟು ನೋಯಲು ಶುರುವಾಯಿತು. ಒಂದು ದಿನ ನಿಂತು ನುಡಿಸುತ್ತಿದ್ದಾಗ ಬೆವರು ಒರೆಸಿಕೊಳ್ಳೋಣ ಅಂತ ಎಡಗೈ ತೆಗೆದೆ. ಹೆಡ್‌ಸ್ಟಾಕ್, ಅಂದರೆ ತಂತಿ ಬಿಗಿಯುವ ಟ್ಯೂನರ್‌ಗಳಿರುವ ತಲೆ, ಸೀದಾ ನೆಲದ ಕಡೆ ವಾಲಿತು! ಅಷ್ಟು ದಿನವೂ ನನ್ನ ಎಡಗೈ ತಂತಿ ಒತ್ತುವುದರ ಜೊತೆಗೆ ನೆಕ್ (ವಾದ್ಯದ ಉದ್ದನೆ ಕತ್ತು) ಹೊರುವ ಕೂಲಿಯನ್ನೂ ಮಾಡುತ್ತಿತ್ತು. ಇದನ್ನೇ 'ನೆಕ್ ಡೈವ್' ಅನ್ನುತ್ತಾರೆ.

ಲೆಕ್ಕ ತಕ್ಕಡಿಯದ್ದೇ. ಹೆಗಲಿಗೆ ಹಾಕುವ ಬೆಲ್ಟ್ ಸಿಕ್ಕಿಸಲು ಎರಡು ಗುಂಡಿಗಳಿರುತ್ತವೆ. ಒಂದು ಬಾಡಿಯ ಹಿಂತುದಿಯಲ್ಲಿ, ಇನ್ನೊಂದು ಸಾಮಾನ್ಯವಾಗಿ ಬಾಡಿಯಿಂದ ನೆಕ್ ಕಡೆ ಚಾಚಿದ ಮೇಲಿನ ಕೊಂಬಿನ ತುದಿಯಲ್ಲಿ. ವಾದ್ಯದ ಭಾರದ ನಡುಬಿಂದು ಈ ಎರಡರ ಮಧ್ಯೆ ಚೆನ್ನಾಗಿ ಒಳಗಿದ್ದರೆ ನೆಕ್ ತಾನಾಗಿಯೇ ನಿಲ್ಲುತ್ತದೆ. ಅದು ಮುಂದಿನ ಗುಂಡಿಯ ಹತ್ತಿರ ಸರಿದಷ್ಟೂ ತಲೆ ಭಾರ.

ಎರಡು ವಾದ್ಯಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ. ಫೆಂಡರ್ ಪ್ರಿಸಿಷನ್ ಬೇಸ್ 1951ರದ್ದು. ಸ್ಕೇಲ್ (ತಂತಿಯ ಮಿಡಿಯುವ ಉದ್ದ) 34 ಇಂಚು, ತೂಕ ಹೆಚ್ಚುಕಮ್ಮಿ 4 ಕೆ.ಜಿ. ಅದರ ಮೇಲಿನ ಕೊಂಬು ಉದ್ದಕ್ಕೆ ಚಾಚಿ, ನೆಕ್ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಸುಮಾರು 12ನೆಯದರವರೆಗೆ ಬರುತ್ತದೆ. ಮೊದಲು ಬಾಡಿ ಹಲಗೆಯಂತೆ ಚಪ್ಪಟೆಯಾಗಿತ್ತು, ಅಂಚು ಮುಂಗೈಗೆ ಒತ್ತುತ್ತಿತ್ತು. 1954ರಲ್ಲಿ ಅಂಚುಗಳನ್ನು ಇಳಿಜಾರಾಗಿ ಕೆತ್ತಿದರು.

ಗಿಬ್ಸನ್ ಇಬಿ-3 ಬಂದದ್ದು 1961ರಲ್ಲಿ. ಸ್ಕೇಲ್ 30.5 ಇಂಚು, ತೆಳ್ಳನೆ ಮಹಾಗನಿ ಬಾಡಿ. ಕೈಯಲ್ಲಿ ಹಿಡಿದರೆ ಹಗುರ, ಖುಷಿಯಾಗುತ್ತದೆ. ಆದರೆ ಕೊಂಬುಗಳು ಗಿಡ್ಡ, ಮುಂದಿನ ಗುಂಡಿ ಇರುವುದು ನೆಕ್ ಬಾಡಿಗೆ ಸೇರುವ ಕಡೆ. ಬಾಡಿ ಹಗುರವಾದಷ್ಟೂ ತಲೆಯ ಕಡೆಯ ಭಾರವೇ ಗೆಲ್ಲುತ್ತದೆ. ಹಾಗಾಗಿ ನಿಂತಾಗ ನೆಕ್ ವಾಲುತ್ತದೆ.

ಸ್ಕೇಲ್ ಚಿಕ್ಕದಾದರೆ ಬೆರಳಿಗೆ ಸುಖ ಅನ್ನುವುದು ನಿಜ. ನಟ್‌ನಿಂದ (ನೆಕ್ ತಲೆಗೆ ಸೇರುವಲ್ಲಿ ತಂತಿ ಕೂರುವ ಪಟ್ಟಿ) 4ನೇ ಫ್ರೆಟ್‌ಗೆ 34 ಇಂಚಿನದರಲ್ಲಿ ಸುಮಾರು 178 ಮಿ.ಮೀ., 30.5ರಲ್ಲಿ 160. ಆದರೆ ತೋಳಿಗೂ ಅಷ್ಟೇ ಸುಖ ಅಂದುಕೊಳ್ಳಬೇಡಿ. ಮುಂದಿನ ಗುಂಡಿ ಹಿಂದಕ್ಕೆ ಹೋದರೆ ಇಡೀ ವಾದ್ಯ ಎಡಕ್ಕೆ ಜರುಗುತ್ತದೆ, ಮೊದಲ ಫ್ರೆಟ್ ಮತ್ತೆ ದೂರ. ನನಗೆ ಇದು ಅರ್ಥವಾಗಲು ಜಾಸ್ತಿ ದಿನ ಹಿಡಿಯಿತು.

ಕೂತು ನುಡಿಸುವಾಗ ತೊಡೆಯೇ ಆಧಾರ, ಕೊಂಬಿನ ಗುಂಡಿಗೆ ಕೆಲಸವೇ ಇಲ್ಲ. ಫೆಂಡರ್‌ನದೇ 1960ರ 'ಜಾಝ್ ಬೇಸ್' ಮಾದರಿಯ ಸೊಂಟ ಓರೆಯಾಗಿರುವುದು ತೊಡೆಯ ಮೇಲೆ ಚೆನ್ನಾಗಿ ಕೂರಲಿ ಅಂತಲೇ. ನಮ್ಮ ವೀಣೆಯಲ್ಲೂ ದಂಡಿಯ ಕೆಳಗಿನ ಬುರುಡೆ ಎಡ ತೊಡೆಯ ಮೇಲೆ ಕೂರುತ್ತದೆ ಅಲ್ವಾ? ದಂಡಿಯ ಭಾರ ಎಡಗೈಗೆ ಬರುವುದೇ ಇಲ್ಲ.

ವಾದ್ಯ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ ಬೇಸ್‌ನ ತಲೆಯನ್ನೇ ಕತ್ತರಿಸಿಬಿಟ್ಟರು. ಟ್ಯೂನರ್‌ಗಳು ಬಾಡಿಯ ಕಡೆ ಬಂದವು, ತಲೆಭಾರದ ಗೋಳು ಬಹುಮಟ್ಟಿಗೆ ಹೋಯಿತು. ಬಾಡಿ ತೀರಾ ಪುಟ್ಟದು, ತೊಡೆಯ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಮಡಚುವ ಕಾಲಾಸರೆ ಕೊಟ್ಟರು. ನೋಡಲು ದೋಣಿಯ ಹುಟ್ಟಿನಂತಿದೆ, ನನಗಂತೂ ಇಷ್ಟವಾಗಲಿಲ್ಲ.

ಇರುವ ಬೇಸ್ ವಾಲುತ್ತಿದ್ದರೆ? ಅಗಲವಾದ, ಒಳಮೈ ಒರಟಾದ ಚರ್ಮದ ಬೆಲ್ಟ್ ಹಾಕಿದರೆ ಅಂಗಿಗೆ ಕಚ್ಚಿಕೊಂಡು ಜಾರುವುದು ನಿಲ್ಲುತ್ತದೆ. ಆದರೆ ಭಾರ ಎಲ್ಲೂ ಹೋಗಿಲ್ಲ, ಹೆಗಲು ಅದನ್ನು ಹಿಡಿದುಕೊಂಡಿದೆ ಅಷ್ಟೇ. ಹಗುರ ಟ್ಯೂನರ್ ಹಾಕುವುದು ಮೇಲು. ಮುಂದಿನ ಗುಂಡಿಯಿಂದ ತಲೆಯ ಕಡೆ 50 ಸೆಂ.ಮೀ. ದೂರದಲ್ಲಿ 100 ಗ್ರಾಂ ಇಳಿಸುವುದೂ, ಬಾಡಿಯ ಕಡೆ 25 ಸೆಂ.ಮೀ. ದೂರದಲ್ಲಿ 200 ಗ್ರಾಂ ಏರಿಸುವುದೂ ಸಮತೋಲಕ್ಕೆ ಒಂದೇ. ಸುಮ್ನೆ ಭಾರ ಯಾಕೆ ಹೊರಬೇಕು?

ಅಂಗಡಿಗೆ ಹೋಗುವಾಗ ನಿಮ್ಮದೇ ಬೆಲ್ಟ್ ತೆಗೆದುಕೊಂಡು ಹೋಗಿ, ಜಾರುವ ನೈಲಾನ್‌ನದು. ಒರಟು ಬೆಲ್ಟ್ ದೋಷ ಮುಚ್ಚಿಹಾಕುತ್ತದೆ. ಬೇಸ್ ಹಾಕಿಕೊಂಡು ನಿಂತು, ನೆಕ್ ಸ್ವಲ್ಪ ಮೇಲಕ್ಕೆತ್ತಿ, ಎರಡೂ ಕೈ ನಿಧಾನವಾಗಿ ಸಡಿಲಿಸಿ. ಪೂರ್ತಿ ಬಿಡಬೇಡಿ, ಕೆಳಗೊಂದು ಕೈ ಇರಲಿ. ಹೆಡ್‌ಸ್ಟಾಕ್ ಹೆಗಲಿನ ಆಸುಪಾಸಿನಲ್ಲೇ ನಿಂತರೆ, ಆಮೇಲೆ ಆಂಪ್‌ಗೆ ಸಿಕ್ಕಿಸಿ ನಾದ ಕೇಳಿ.