ನಳ ನಾಲ್ಕು ದಿನಕ್ಕೊಮ್ಮೆ ಬಂದರೆ ಮಷಿನ್‌ಗೆ ಬಟ್ಟೆ ಹೇಗೆ ಹಾಕಬೇಕು?

ಪ್ರಶ್ನೆ: ಕಲಬುರಗಿಯಾಗ ನಮ್ಮ ಕಡಿ ನಳ ನಾಕ್ ದಿನಕ್ಕೊಮ್ಮಿ ಬರ್ತದ. ಮನ್ಯಾಗ ಐದ್ ಮಂದಿ, ಮಷಿನ್ 7 ಕೆಜಿದು, ಟಾಪ್ ಲೋಡ್. ಎಲ್ಲಾ ಬಟ್ಟಿ ಒಮ್ಮೆಲೆ ತುಂಬಿದ್ರ ಸ್ವಚ್ಛ ಆಗಂಗಿಲ್ಲ, ಬ್ಯಾರೆ ಬ್ಯಾರೆ ಹಾಕಿದ್ರ ನೀರು ಸಾಲಂಗಿಲ್ಲ. ಹ್ಯಾಂಗ ಮಾಡ್ಬೇಕ್ರಿ?

ಉತ್ತರ: ಮೂರು ಲೋಡ್ ಮಾಡಿ, ಮೂರೂ ತುಂಬಿರಲಿ. ಆದರೆ ತುಂಬುವುದೆಂದರೆ ತುರುಕುವುದಲ್ಲ. 7 ಕೆಜಿ ಎಂಬುದು ಒಣಗಿದ ಹತ್ತಿ ಬಟ್ಟೆಯ ಗರಿಷ್ಠ ಮಿತಿ. ದಿನಬಳಕೆಯ ಮಿಶ್ರ ಬಟ್ಟೆಗೆ 5 ಕೆಜಿ ಸರಿ. ಬರೀ ಸಿಂಥೆಟಿಕ್ ಸೀರೆ, ಚೂಡಿದಾರ್ ಆದರೆ 3 ಕೆಜಿ ಸಾಕು. ಜೀನ್ಸ್ ಪ್ಯಾಂಟ್ ಸುಮಾರು 700 ಗ್ರಾಂ, ದಪ್ಪ ಟವೆಲ್ 400ರಿಂದ 500, ಅಂಗಿ 200ರಿಂದ 250 ಗ್ರಾಂ ತೂಗುತ್ತವೆ. ಮನೆಯಲ್ಲಿ ತೂಕದ ಯಂತ್ರವಿದ್ದರೆ ಗಂಟು ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. ಎರಡು ಸಲ ತೂಗಿದರೆ ಆಮೇಲೆ ಕಣ್ಣಳತೆಯೇ ಸಾಕು: ಸಡಿಲವಾಗಿ ಹಾಕಿದಾಗ ಟಬ್‌ನ ಮುಕ್ಕಾಲು ಭಾಗ. ತಿರುಗಲು ಶುರುವಾಗಿ ಐದು ನಿಮಿಷದೊಳಗೆ ಮೇಲಿದ್ದ ಅಂಗಿ ಕೆಳಗೆ ಹೋಗಬೇಕು. ಹೋಗದಿದ್ದರೆ ಬಟ್ಟೆ ಹೆಚ್ಚಾಗಿದೆ; ಪೌಡರ್ ಕರಗದೆ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಕಲೆಯಾಗಿ ಉಳಿಯುವುದು ಹೀಗೆಯೇ.

ಬಣ್ಣ ನೋಡಿ ವಿಂಗಡಿಸುವುದು ಎಲ್ಲರಿಗೂ ಗೊತ್ತು, ತೂಕವನ್ನು ಮಾತ್ರ ಮರೆಯುತ್ತೇವೆ. ಟವೆಲ್ ನೀರು ಹೀರಿ ಭಾರವಾಗಿ ಒಂದು ಕಡೆ ಕೂತರೆ ಹಿಂಡುವಾಗ ಮಷಿನ್ ಗಡಗಡ ನಡುಗಿ ನಿಲ್ಲುತ್ತದೆ. ಮತ್ತೆ ನೀರು ತುಂಬಿಕೊಳ್ಳುವ ಮಷಿನ್‌ಗಳೂ ಇವೆ. ಆದ್ದರಿಂದ ಮೊದಲ ಲೋಡ್ ಬಿಳಿ ಮತ್ತು ತಿಳಿ ಬಣ್ಣದ್ದು: ಬನಿಯನ್, ಶಾಲೆಯ ಅಂಗಿ, ಧೋತರ. ಎರಡನೆಯದು ಬಣ್ಣದ ತೆಳು ಬಟ್ಟೆ. ಮೂರನೆಯದು ಭಾರದ್ದು, ಆದರೆ ಟವೆಲ್ ಮತ್ತು ಜೀನ್ಸ್ ಒಟ್ಟಿಗೆ ಬೇಡ, ಟವೆಲ್ಲಿನ ನೂಲುಜುಂಜು ಕಪ್ಪು ಬಟ್ಟೆಗೆಲ್ಲ ಅಂಟುತ್ತದೆ. ಒಂದು ಸಲ ಟವೆಲ್, ಚಾದರ. ಮುಂದಿನ ನಳಕ್ಕೆ ಜೀನ್ಸ್. ಜೀನ್ಸ್ ಎಂಟು ದಿನ ಕಾಯುತ್ತದೆ.

ಹೊಸ ಇಳಕಲ್ ಸೀರೆ ಯಾವ ಲೋಡಿಗೂ ಸೇರದು. ಬೇರೆ ಹೊಸ ಬಟ್ಟೆಯ ಮೂಲೆ ನೆನೆಸಿ ಬಿಳಿ ಕರವಸ್ತ್ರದಲ್ಲಿ ಒತ್ತಿ ನೋಡಿ; ಬಣ್ಣ ಹತ್ತಿದರೆ ಬಕೆಟ್‌ನಲ್ಲೇ ಒಗೆಯಿರಿ.

ನಾಲ್ಕು ದಿನ ಕೂಡಿಡುವಾಗ ಬೆವರಿನ ಬಟ್ಟೆಯನ್ನು ಹಸಿಯಾಗಿ ಗಂಟು ಕಟ್ಟಬೇಡಿ. ಹಗ್ಗದ ಮೇಲೆ ಆರಲಿ, ಆಮೇಲೆ ಚೀಲಕ್ಕೆ. ಮೂರು ಲೋಡಿಗೆ ಮೂರು ಚೀಲ ಇಟ್ಟರೆ ನಳ ಬಂದ ಹೊತ್ತಿಗೆ ಆರಿಸುತ್ತ ಕೂರುವ ಕೆಲಸವಿಲ್ಲ. ಅರಿಶಿನದ ಕಲೆ ಸಾಬೂನು ತಾಗಿ ಕೆಂಪಾದರೆ ಹೆದರಬೇಡಿ. ಕ್ಷಾರಕ್ಕೆ ಅರಿಶಿನ ಹಾಗೆ ತಿರುಗುತ್ತದೆ. ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ.

ಶಹಾಬಾದ್, ಸೇಡಂ, ಚಿತ್ತಾಪುರ ಸುತ್ತ ಸುಣ್ಣದ ಕಲ್ಲಿನ ನೆಲ, ಬೋರ್ ನೀರು ಗಡಸು. ಗಡಸು ನೀರು ಪೌಡರಿನ ಒಂದಷ್ಟು ಶಕ್ತಿಯನ್ನು ತಾನೇ ನುಂಗುತ್ತದೆ, ಹಾಗಾಗಿ ಪೊಟ್ಟಣದ ಮೇಲಿನ ಅಳತೆಗಿಂತ ಕಾಲುಭಾಗ ಹೆಚ್ಚು ಹಾಕಿ. ಬಿಳಿ ಬಟ್ಟೆಗೆ ನಳದ ನೀರನ್ನೇ ಮೀಸಲಿಡಿ. ಎರಡು ತಿಂಗಳಿಗೊಮ್ಮೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಖಾಲಿ ಮಷಿನ್ ಓಡಿಸಿದರೆ ಟಬ್‌ಗೆ ಕಟ್ಟಿದ ಬಿಳಿ ಪದರ ಕರಗುತ್ತದೆ. ಅದರ ಜೊತೆ ಬ್ಲೀಚ್ ಮಾತ್ರ ಸೇರಿಸಬಾರದು, ವಿಷಗಾಳಿ ಏಳುತ್ತದೆ.

ನೀರಿನ ಲೆಕ್ಕಕ್ಕೆ ಬಂದರೆ, ಇಂಥ ಮಷಿನ್ ಪೂರ್ಣ ಮಟ್ಟದಲ್ಲಿ ಒಂದು ಲೋಡಿಗೆ ಸಾಮಾನ್ಯವಾಗಿ 100 ಲೀಟರ್ ದಾಟುತ್ತದೆ; ಅರ್ಧ ಬಟ್ಟೆ ಹಾಕಿದರೆ ನೀರೇನೂ ಅರ್ಧವಾಗುವುದಿಲ್ಲ. ಕೊನೆಯ ಜಾಲಾಟದ ನೀರು ಬಹುತೇಕ ತಿಳಿಯಾಗಿರುತ್ತದೆ. ಹೊರಪೈಪಿನ ಬಾಯಿಯನ್ನು ಬಕೆಟ್‌ಗೆ ಬಿಟ್ಟು ಹಿಡಿದರೆ ಫರಸಿ ಒರೆಸಲು, ಸಂಡಾಸಿಗೆ ಆಗುತ್ತದೆ. ಪಂಪ್ ಇಲ್ಲದ ಮಷಿನ್‌ನಲ್ಲಿ ಪೈಪ್ ಮೇಲೆತ್ತಿದರೆ ನೀರು ಇಳಿಯದು, ಅಂಥಲ್ಲಿ ಅಂಚು ತಗ್ಗಿರುವ ಅಗಲ ಟಬ್ ನೆಲದ ಮೇಲೇ ಇಡಿ.