ಬೆಕ್ಕಿಗೆ ಹಾಲನ್ನ ಸಾಕಾ?

ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕಿಗೆ ಅಂತಲೇ ಒಂದು ಕರಟ ಇತ್ತು. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅದಕ್ಕೆ ಒಂದು ಹಿಡಿ ಅನ್ನ, ಮೇಲೆ ಒಂಚೂರು ಹಾಲು. ಬೆಕ್ಕು ಹಾಲನ್ನು ನೆಕ್ಕಿ, ಅನ್ನ ಅರ್ಧ ಬಿಟ್ಟು, ಅಟ್ಟ ಹತ್ತುತ್ತಿತ್ತು. ಹಾಗೇ ವರ್ಷಗಟ್ಟಲೆ ಗಟ್ಟಿಮುಟ್ಟಾಗಿತ್ತು. ಇದನ್ನೇ ನೆನಪಿಟ್ಟುಕೊಂಡು ಈಗಲೂ ಎಷ್ಟೋ ಜನ ಫ್ಲಾಟಿನಲ್ಲಿ ಬೆಕ್ಕು ಸಾಕಿ ಹಾಲನ್ನ ಹಾಕುತ್ತಾರೆ, ಏನೂ ಆಗಲ್ಲ ಅನ್ನುತ್ತಾರೆ. ಆದರೆ ಅಜ್ಜಿಯ ಬೆಕ್ಕನ್ನು ಸಾಕಿದ್ದು ಅಟ್ಟದ ಇಲಿ, ಗೋಡೆಯ ಹಲ್ಲಿ, ಹಿತ್ತಿಲ ಓತಿಕ್ಯಾತ. ನಾಲ್ಕನೇ ಮಹಡಿಯ ಬೆಕ್ಕಿಗೆ ಇವೆಲ್ಲ ಎಲ್ಲಿಂದ ಬರಬೇಕು?

ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಲುವಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅನ್ನ, ತರಕಾರಿಯಲ್ಲಿ ಅದು ಸಿಗುವುದಿಲ್ಲ. ಮಾಂಸ, ಮೀನಿನಲ್ಲಿ ಇದೆ. ಟಾರಿನ್ ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿದರು. ಅವರು ನೋಡಿದ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಕ್ಯಾಟ್ ಫುಡ್ಡನ್ನೇ! ಆಮೇಲೆ ಕಂಪನಿಗಳು ಟಾರಿನ್ ಜಾಸ್ತಿ ಸೇರಿಸತೊಡಗಿದವು. ಮಾಂಸ ಬೇಯಿಸದ ಮನೆಯವರು ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರ ತಂದು ಹಾಕಬಹುದು. ನಾಯಿಯ ಆಹಾರ ಮಾತ್ರ ಬೇಡ. ಮನೆಯಲ್ಲೇ ಕೋಳಿ ಬೇಯಿಸಿದರೆ ಆ ನೀರನ್ನು ಚೆಲ್ಲಬೇಡಿ, ಟಾರಿನ್ ಅದರಲ್ಲಿ ಇಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಲೇಬೇಡಿ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಜೀರ್ಣವಾಗದೆ ಭೇದಿ ತರುತ್ತದೆ.

ಇನ್ನು ನೀರಿನ ವಿಷಯ. ಇದನ್ನು ನಾನು ಕಷ್ಟಪಟ್ಟೇ ಕಲಿತೆ.

ನಮ್ಮ ಕೆಂಚ ಗಂಡು ಬೆಕ್ಕು, ಆಗ ಬರೀ ಒಣ ಆಹಾರ ತಿನ್ನುತ್ತಿದ್ದ. ಒಂದು ಸಂಜೆ ಮರಳಿನ ಟ್ರೇಗೆ ಹೋಗಿ ಕೂತ, ಎದ್ದ, ಮರಳು ಕೆದರಿದ, ಮತ್ತೆ ಕೂತ. ಬಾಲ ನಡುಗುತ್ತಿತ್ತು. ಮಲಬದ್ಧತೆ ಇರಬೇಕು ಅಂತ ನಾನು ಸುಮ್ನೆ ಇದ್ದೆ. ಬೆಳಿಗ್ಗೆ ಹೊಟ್ಟೆ ಮುಟ್ಟಿದರೆ ಒಳಗೆ ನಿಂಬೆಹಣ್ಣಿನಂಥ ಗಟ್ಟಿ ಉಂಡೆ. ಮೂತ್ರ ಕಟ್ಟಿಕೊಂಡಿತ್ತು. ಡಾಕ್ಟರು ನಳಿಕೆ ಹಾಕಿ ತೆಗೆದರು, ಇನ್ನೊಂದು ದಿನ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಅಂದರು.

ಮನೆಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ಅದಕ್ಕೆ ಬೇಕಾದ ನೀರು ಬಹುಪಾಲು ಬೇಟೆಯ ಮೈಯಿಂದಲೇ ಸಿಗುತ್ತಿತ್ತು, ಇಲಿಯ ಮೈಯಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಅಲ್ವಾ. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರು ಶೇಕಡಾ 10ರಷ್ಟು ಮಾತ್ರ, ಕೊರತೆಯಾದಷ್ಟನ್ನೂ ಅದು ಕುಡಿದು ತುಂಬಿಕೊಳ್ಳುವುದಿಲ್ಲ. ಆಗ ಮೂತ್ರ ಗಟ್ಟಿಯಾಗಿ, ಕೆಂಚನಿಗೆ ಆದ ಹಾಗೆ ಕಟ್ಟಿಕೊಳ್ಳಬಹುದು. ನೋವಾದರೂ ಹೇಳಿಕೊಳ್ಳದೆ ಮೂಲೆ ಸೇರುತ್ತದೆ, ಕೆಲವೊಮ್ಮೆ ನೋವಿನಲ್ಲೂ ಖುಷಿಯಲ್ಲಿದ್ದ ಹಾಗೆ ಗುರುಗುಟ್ಟುತ್ತದೆ. ಪಾಪ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು.

ಕೆಂಚನಿಗೆ ಈಗ ದಿನಾ ನೀರಿನಂಶ ಇರುವ ಮೆತ್ತನೆ ಊಟ, ಕಿಟಕಿ ಹತ್ತಿರ ನೀರಿನ ಮಣ್ಣಿನ ಬಟ್ಟಲು. ಬೆಳಿಗ್ಗೆ ಕಾಫಿಗೆ ಮೊದಲು ಟ್ರೇಯಲ್ಲಿ ಒದ್ದೆ ಮರಳಿನ ಉಂಡೆ ಎಷ್ಟಿವೆ ಅಂತ ಎಣಿಸುತ್ತೇನೆ. ಇವತ್ತು ಮೂರಿದ್ದವು.