ವ್ಯಾಪಾರ ಹೆಚ್ಚುವುದು ಬೇರೆ, ಉದ್ಯಮ ಬೆಳೆಯುವುದು ಬೇರೆ: ಮಾವಳ್ಳಿಯ ನಿದರ್ಶನದೊಂದಿಗೆ ಒಂದು ಟಿಪ್ಪಣಿ

‘ಉದ್ಯಮದ ಬೆಳವಣಿಗೆಗೆ ನೆರವಾಗುವ ಅಂಶಗಳಾವುವು?’ ಎಂಬ ಪ್ರಶ್ನೆಗೆ ಬಂಡವಾಳ, ಮಾರುಕಟ್ಟೆ, ತಂತ್ರಜ್ಞಾನ, ಸರ್ಕಾರದ ನೆರವು ಎಂದು ಸಾಲಾಗಿ ಬರೆದು ಮುಗಿಸುವ ರೂಢಿ ನಮ್ಮಲ್ಲಿದೆ. ಪಟ್ಟಿ ತಪ್ಪಲ್ಲ, ಆದರೆ ಇವುಗಳಲ್ಲಿ ಯಾವುದು ಮೊದಲು ಎಂಬುದು ಅದರಿಂದ ತಿಳಿಯುವುದಿಲ್ಲ. ಮಾಲೀಕರ ಕೈಯಲ್ಲಿರುವ ಕಸುಬು, ಬೇರೆಯವರೂ ಅದೇ ಗುಣಮಟ್ಟದಲ್ಲಿ ಮಾಡಬಹುದಾದ ಅಳತೆಗೆ ಮತ್ತು ವಿಧಾನಕ್ಕೆ ಇಳಿಯುವವರೆಗೆ ಉಳಿದ ಅಂಶಗಳ ಬಲ ಪೂರ್ತಿಯಾಗಿ ದಕ್ಕುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಬೆಂಗಳೂರಿನ ಎಂಟಿಆರ್ ಒಳ್ಳೆಯ ನಿದರ್ಶನ. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಸಣ್ಣ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಎದುರಾದಾಗ ಇಡ್ಲಿಗೆ ರವೆಯನ್ನು ಬಳಸಿ ನೋಡಿದ್ದರಿಂದ ರವೆ ಇಡ್ಲಿ ಹುಟ್ಟಿತೆಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. 1975ರಲ್ಲಿ ಜಾರಿಯಾದ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ತಿಂಡಿಗಳನ್ನು ಕಡಿಮೆ ದರಕ್ಕೆ ಮಾರಬೇಕೆಂಬ ಕಟ್ಟುಪಾಡು ಬಂದಿತು. ರುಚಿ ಮತ್ತು ಶುಚಿ ಕೆಡದಂತೆ ಆ ದರದಲ್ಲಿ ನಡೆಸುವುದು ಕಷ್ಟವಾದಾಗ ಅವರು ಪುಡಿಗಳನ್ನೂ ದಿಢೀರ್ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಹೀಗೆ ಬೆಳೆದ ಎಂಟಿಆರ್ ಫುಡ್ಸ್ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು.

ಈ ಕಥೆಯನ್ನು ‘ಸಂಕಷ್ಟವೇ ಅವಕಾಶವಾಯಿತು’ ಎಂದಷ್ಟೇ ಓದಿದರೆ ಮುಖ್ಯ ವಿಷಯ ಕೈತಪ್ಪುತ್ತದೆ. ಅಡುಗೆಭಟ್ಟರ ಕೈಗುಣದಲ್ಲಿದ್ದ ಹದ, ಪೊಟ್ಟಣದೊಳಗೆ ಹೋಗಬೇಕಾದರೆ ಇಷ್ಟು ಧನಿಯಾ, ಇಷ್ಟು ಮೆಣಸಿನಕಾಯಿ, ಇಷ್ಟು ಹೊತ್ತು ಹುರಿಯುವುದು ಎಂಬ ಲೆಕ್ಕಕ್ಕೆ ಬರಲೇಬೇಕು. ಹೋಟೆಲಿಗೆ ಒಂದು ದಿನದಲ್ಲಿ ಬರಬಲ್ಲವರ ಸಂಖ್ಯೆಗೆ ಕುರ್ಚಿಗಳ ಮಿತಿಯಿರುತ್ತದೆ. ಪೊಟ್ಟಣಕ್ಕೆ ಆ ಮಿತಿಯಿಲ್ಲ. ಆ ಹೊತ್ತಿಗೆ ಅರ್ಧ ಶತಮಾನದಿಂದ ಗಳಿಸಿದ್ದ ಹೆಸರೂ ಜೊತೆಗಿದ್ದುದರಿಂದ ಹೊಸ ಸರಕನ್ನು ಜನ ನಂಬಿ ಕೊಂಡರು.

ಇನ್ನು ಬಂಡವಾಳದ ವಿಷಯ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯ ಮೂಲ ಉದ್ದೇಶಗಳಲ್ಲಿ ಕೈಮಗ್ಗದ ನೇಕಾರರಿಗೆ ನೆರವಾಗುವುದೂ ಒಂದಾಗಿತ್ತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಲಾಗುತ್ತಿತ್ತು. ಇಂದು ಅಡಮಾನವಿಲ್ಲದೆ ಸಾಲ ಪಡೆಯಲು ಸಣ್ಣ ಉದ್ಯಮಗಳಿಗೆ ಸಾಲ ಒದಗಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯೂ, ಸಾಲ ಮರಳದಿದ್ದರೆ ನಷ್ಟದ ಒಂದು ಪಾಲನ್ನು ಬ್ಯಾಂಕಿಗೆ ತುಂಬಿಕೊಡುವ ಸಾಲ ಖಾತರಿ ನಿಧಿಯೂ ಇವೆ.

ಆದರೆ ಬೆಳೆಯುತ್ತಿರುವ ಘಟಕಗಳನ್ನು ಹೆಚ್ಚಾಗಿ ಕಾಡುವುದು ಯಂತ್ರ ಕೊಳ್ಳುವ ಹಣಕ್ಕಿಂತ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ಖರ್ಚಿಗೆ ಬೇಕಾಗುವ ಹಣದ ಕೊರತೆ. ತಿಂಗಳಿಗೆ 5 ಲಕ್ಷ ರೂಪಾಯಿ ಖರ್ಚಿರುವ ಒಂದು ಮಸಾಲೆ ಪುಡಿ ಘಟಕಕ್ಕೆ ಗಿರಾಕಿಗಳು 60 ದಿನಗಳ ನಂತರ ಹಣ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಸುಮಾರು 10 ಲಕ್ಷ ರೂಪಾಯಿ ಸದಾ ಹೊರಗೆ ಸಿಕ್ಕಿಕೊಂಡಿರುತ್ತದೆ. ಬೇಡಿಕೆಯೂ ಖರ್ಚೂ ಇಮ್ಮಡಿಯಾದರೆ ಸಿಕ್ಕಿಕೊಳ್ಳುವ ಮೊತ್ತ 20 ಲಕ್ಷಕ್ಕೇರುತ್ತದೆ. ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ ಸಂಬಳದ ದಿನ ಬ್ಯಾಂಕ್ ಖಾತೆ ಬರಿದಾಗಿರಬಹುದು. ಬೆಳವಣಿಗೆಯೇ ಉದ್ಯಮವನ್ನು ಮುಳುಗಿಸುವ ಈ ಸಾಧ್ಯತೆಯನ್ನು ನಾವು ಲೆಕ್ಕ ಮಾಡಿಯೇ ಕಲಿಯಬೇಕು.

ಗಿರಾಕಿಗಳು ಹೀಗೆ ಹಣ ತಡಮಾಡುವುದರ ವಿರುದ್ಧ ಕಾನೂನಿನ ಆಸರೆಯೂ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರಿ ಹಣ ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ರಕ್ಷಣೆಯನ್ನು ಪಡೆಯಲು ಬೇಕಾಗುವ ‘ಉದ್ಯಮ್’ ಎಂಬ ಸರ್ಕಾರಿ ಜಾಲತಾಣದ ನೋಂದಣಿ ಉಚಿತ. ಹಾಗಿದ್ದರೂ ಮಾರಾಟದ ಬಹುಪಾಲಿಗೆ ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡ ಘಟಕ ಅವನಿಂದ ಬಡ್ಡಿ ಕೇಳಲು ಹಿಂಜರಿಯುವುದು ಸಹಜ. ಆದ್ದರಿಂದ ಬೆಳವಣಿಗೆಯ ಅಂಶಗಳಲ್ಲಿ ‘ಮಾರುಕಟ್ಟೆ’ ಎಂದು ಬರೆಯುವಾಗ ಮಾರಾಟದ ಮೊತ್ತದ ಜೊತೆಗೆ ಅದು ಎಷ್ಟು ಗಿರಾಕಿಗಳಲ್ಲಿ ಹಂಚಿಹೋಗಿದೆ ಎಂಬುದನ್ನೂ ಸೇರಿಸಿ ಬರೆಯಬೇಕು.